ಮಡಿಲಕ್ಕಿಯ ಮೇಲೆ ನೀಲಿ ಗೊಂಬೆ

"ಹುಡುಗಂಗಾ, ಹುಡುಗಿಗಾ ಮೇಡಂ?"

ಇಂದಿರಾನಗರದ ಬರ್ಗರ್ ಅಂಗಡಿಯಲ್ಲಿ ಮಕ್ಕಳ ಊಟ ಕೇಳಿದರೆ ಕೌಂಟರಿನಲ್ಲಿ ಈ ಪ್ರಶ್ನೆ ಬರುತ್ತದೆ. ಊಟದ ಜೊತೆ ಒಂದು ಗೊಂಬೆ ಕೊಡುತ್ತಾರಲ್ಲ, ಯಾವುದನ್ನು ಕೊಡಬೇಕೆಂದು ತಿಳಿಯಲು. ಮೊದಮೊದಲು ನಾನು ಗತ್ತಿನಿಂದಲೇ "ನಂಗೇ" ಅನ್ನುತ್ತಿದ್ದೆ. ವಿಡಿಯೋ ಗೇಮಿನ ಗೊಂಬೆಗಳು ಬಂದಿವೆಯೆಂದು ಗೊತ್ತಾದರೆ ಸಾಕು, ಮನೆಯಿಂದ ತಂದ ಚಿತ್ರಾನ್ನವನ್ನು ಆಫೀಸಿನಲ್ಲೇ ಬಿಟ್ಟು ಓಡುತ್ತಿದ್ದೆ. ಚಿಕ್ಕವಳಿದ್ದಾಗ ಹಲಸೂರಿನ ವಿಡಿಯೋ ಗೇಮ್ ಅಂಗಡಿಯ ಬಾಗಿಲಲ್ಲಿ ನಿಂತು, ಹುಡುಗರು ಆಡುವುದನ್ನು ನೋಡಿಯೇ ಸಮಾಧಾನಪಟ್ಟುಕೊಂಡವಳು ನಾನು. ಈಗ ನನ್ನ ಸಂಬಳ, ನನ್ನ ಗೊಂಬೆ. ಯಾರಪ್ಪನ ಮನೆ ಗಂಟೇನು ಹೋಯಿತು?

ಆಮೇಲೆ ನಾನು ಬಸುರಿಯಾದೆ, ಐದನೇ ತಿಂಗಳಲ್ಲಿ ಮಗು ಹೋಯಿತು. ಅದಾದ ಮೇಲೆ ಮೊದಲ ಸಲ ಆ ಅಂಗಡಿಗೆ ಹೋದಾಗ ಅದೇ ಪ್ರಶ್ನೆ ಬಂತು. ಹಿಂದೆ ಜನ ಕಾಯುತ್ತಿದ್ದರು. "ಯಾವ್ದಾದ್ರೂ ಕೊಡಮ್ಮ" ಅಂದೆ. ಸಿಕ್ಕಿದ್ದು ಒಂದು ನೀಲಿ ಗೊಂಬೆ. ದುಂಡು ಮುಖ, ಪುಟ್ಟ ಹೊಟ್ಟೆ, ತಲೆಯ ಮೇಲೆ ಗರಿಯಂಥ ಜುಟ್ಟು. ಆಟದಲ್ಲಿ ಇದು ಹಳ್ಳಕ್ಕೆ ಬಿದ್ದರೆ ಮೈ ಕೊಡವಿಕೊಂಡು ಮತ್ತೆ ಓಡುತ್ತದೆ. ಅದಕ್ಕೇ ಇರಬೇಕು, ಉಳಿದೆಲ್ಲವುಗಳಿಗಿಂತ ಅದನ್ನು ಕಂಡರೆ ನನಗೆ ಪ್ರಾಣ.

ರಾಮಮೂರ್ತಿ ನಗರದ ನಮ್ಮ ಬಾಡಿಗೆ ಮನೆಯಲ್ಲಿ ಗಂಡ, ನಾನು, ಅತ್ತೆ. ಗೊಂಬೆಗಳು ನಡುಮನೆಯ ಶೋಕೇಸಿನಲ್ಲಿ. ಅದರ ಮುಂದೆ ನಿಂತಾಗ ಮಾತ್ರ ನಾನು ಯಾರ ತಾಯಿಯೂ ಆಗಬೇಕಾಗಿರಲಿಲ್ಲ. ಮಗುವಿಗಾಗಿ ಇಂಜೆಕ್ಷನ್ನು, ಸ್ಕ್ಯಾನು, ಕಾಯುವುದು ಎಲ್ಲ ಸಾಕೆಂದು ಗಂಡ ಹೆಂಡತಿ ಇಬ್ಬರೂ ತೀರ್ಮಾನಿಸಿದ್ದೆವು. ಅತ್ತೆಗೆ ಮಾತ್ರ ಹೇಳಿರಲಿಲ್ಲ. "ನಿಮ್ಮಮ್ಮ ಅಲ್ವಾ, ನೀವೇ ಹೇಳ್ರೀ" ಅಂತ ನಾನು, "ಹೆಂಗಸ್ರ ವಿಷ್ಯ, ನೀನೇ ಹೇಳು" ಅಂತ ಅವರು.

ಅಷ್ಟರಲ್ಲಿ ನಾದಿನಿ ಬಸುರಿಯಾದಳು. ತವರಿನವರು ಮಡಿಲು ತುಂಬುವ ಶಾಸ್ತ್ರ ನಮ್ಮ ಮನೆಯಲ್ಲೇ ನಡೆಯಿತು. ಬಸುರಿಯ ಪಕ್ಕ ಕೂತರೆ ಕೂತವಳಿಗೂ ಮಗು ಆಗುತ್ತದಂತೆ. ನನ್ನನ್ನೂ ಮಣೆಯ ಮೇಲೆ ಕೂರಿಸಿದರು. ಸೆರಗೊಡ್ಡಿದೆ. ಅಕ್ಕಿ ಬಿತ್ತು, ಕೊಬ್ಬರಿ ಬಿತ್ತು, ಬೆಲ್ಲದಚ್ಚು ಬಿತ್ತು. ಕೊನೆಗೆ ಅತ್ತೆ ಬಂದು ಅಕ್ಕಿಯ ಮೇಲೆ ನನ್ನ ನೀಲಿ ಗೊಂಬೆಯನ್ನು ಇಟ್ಟರು. ಅದರ ಮೈತುಂಬ ಅರಿಶಿನ, ಹಣೆಗೆ ಕುಂಕುಮ.

"ಬಾಲಕೃಷ್ಣನ್ನ ನೀನೇ ತಂದಿಟ್ಕೊಂಡಿದ್ಯಲ್ಲಮ್ಮ" ಅಂದರು. "ಇಷ್ಟೊಂದು ಗೊಂಬೆ ಯಾಕೆ ಕೂಡಿಡ್ತಿದೀಯ ಅಂತ ನೀನು ಬಾಯ್ಬಿಟ್ಟು ಹೇಳ್ದಿದ್ರೆ ನಂಗೆ ಗೊತ್ತಾಗಲ್ವಾ?"

ಕೂತಿದ್ದ ಹೆಂಗಸರೆಲ್ಲ ಪಾಪ ಅನ್ನುವಂತೆ ನನ್ನನ್ನೇ ನೋಡಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ಆ ಶೋಕೇಸನ್ನು ಈ ಮನೆಯವರು ಹಾಗೆ ನೋಡುತ್ತಿದ್ದರೇ? ಎದ್ದು ಹೋಗೋಣವೆಂದರೆ ಸೆರಗಿನ ತುಂಬ ಅಕ್ಕಿ. ಚೆಲ್ಲಿದರೆ ಬಸುರಿಗೆ ಅಪಶಕುನ ಎಂದು ರಂಪವಾಗುತ್ತದೆ. ನಾದಿನಿ ಮೆಲ್ಲಗೆ ನನ್ನ ಮೊಣಕೈ ಹಿಡಿದುಕೊಂಡಳು. ಹಲ್ಲು ಕಚ್ಚಿಕೊಂಡು ಕೂತೆ.

ಎಲ್ಲರೂ ಹೋದ ಮೇಲೆ ಗೊಂಬೆಯನ್ನು ಶೋಕೇಸಿನಲ್ಲಿಡಲು ಹೋದರೆ ಅತ್ತೆ ಕಸಿದುಕೊಂಡರು. "ಮಡಿಲಿಗೆ ಬಂದಿದ್ದನ್ನ ಯಾರಾದ್ರೂ ಶೋಕೇಸಲ್ಲಿಡ್ತಾರೇನೇ?" ಅದು ದೇವರ ಮನೆ ಸೇರಿತು. ದಿನಾ ಬೆಳಿಗ್ಗೆ ಅದಕ್ಕೊಂದು ಹೂವು, ಊದುಬತ್ತಿ. ಹೊಟ್ಟೆ ಉರಿಸಲು ಇಷ್ಟು ಸಾಲದೇ? ಗಂಡನ ಹತ್ತಿರ ಕೂಗಾಡಿದೆ. ಅವರು ಪೇಪರಿನಿಂದ ತಲೆ ಎತ್ತದೆ, "ಹೋಗ್ಲಿ ಬಿಡೇ, ಇನ್ನೊಂದು ತಂದ್ರಾಯ್ತು" ಅಂದರು.

ಇನ್ನೊಂದು. ಮಗು ಹೋದಾಗಲೂ ಆಸ್ಪತ್ರೆಯ ಮಂಚದ ಸುತ್ತ ನಿಂತು ಎಲ್ಲರೂ ಅಂದದ್ದು ಅದನ್ನೇ. ಇನ್ನೊಂದಾಗುತ್ತೆ ಬಿಡು. ಹೋದ ಆ ಒಂದರ ಬಗ್ಗೆ ಯಾರೂ ಒಂದು ಮಾತು ಆಡಲಿಲ್ಲ. ಆ ಸಿಟ್ಟು ಅಷ್ಟು ದಿನ ಎಲ್ಲಿ ಕೂತಿತ್ತೋ, ನೆಟ್ಟಗೆ ದೇವರ ಮನೆಗೆ ಹೋಗಿ ಗೊಂಬೆಯನ್ನು ಎತ್ತಿಕೊಂಡೆ. ಜುಟ್ಟಿನ ಸಂದಿಯ ಅರಿಶಿನ ಪ್ಲಾಸ್ಟಿಕ್ಕಿಗೆ ಹಿಡಿದುಬಿಟ್ಟಿತ್ತು.

ಅತ್ತೆ ಆಗತಾನೇ ಸೇವಂತಿಗೆ ಕಿತ್ತುಕೊಂಡು ಬಂದು ಬಾಗಿಲಲ್ಲಿ ನಿಂತಿದ್ದರು.

"ಇದು ಕೃಷ್ಣ ಅಲ್ಲ ಅತ್ತೆ. ನನ್ನ ಆಟದ ಗೊಂಬೆ. ನಂಗೋಸ್ಕರ ತಂದ್ಕೊಂಡಿದ್ದು" ಅಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು, ನಿಲ್ಲಿಸಲಾಗಲಿಲ್ಲ. "ನಾವು ಆಸ್ಪತ್ರೆಗೆ ಹೋಗೋದು ಬಿಟ್ಬಿಟ್ಟಿದೀವಿ. ಇನ್ನು ಮಗು ಬರಲ್ಲ."

ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಇಷ್ಟು ದಿನ ಒಬ್ಳೇ ಮನಸ್ಸಲ್ಲಿಟ್ಕೊಂಡಿದ್ಯೇನೇ ಇದನ್ನ?" ಅಂದರು.

ಗೊಂಬೆಯನ್ನು ವಾಪಸು ಕೇಳಲಿಲ್ಲ. ಕೈಯಲ್ಲಿದ್ದ ಹೂವನ್ನು ಏನು ಮಾಡಬೇಕೆಂದು ಅವರಿಗೆ ತೋಚಲಿಲ್ಲ. ಗೊಂಬೆಯಿದ್ದ ಖಾಲಿ ಜಾಗದ ಕಡೆ ಚಾಚಿದರು, ಹಿಂದಕ್ಕೆ ತೆಗೆದರು. ಆಮೇಲೆ ನನ್ನನ್ನು ತಿರುಗಿಸಿ ನಿಲ್ಲಿಸಿ, ಅದನ್ನು ನನ್ನ ಜಡೆಗೆ ಮುಡಿಸತೊಡಗಿದರು. ಪಿನ್ನು ಕೂದಲಿಗೆ ಸಿಕ್ಕುತ್ತಿರಲಿಲ್ಲ. ಸಿಕ್ಕುವವರೆಗೂ ಗೊಂಬೆಯನ್ನು ಹಿಡಿದುಕೊಂಡು ಅಲುಗಾಡದೆ ನಿಂತಿದ್ದೆ.