ನೀರಿಗೆ ಅಂಜಿದ ನಾಯಿ

“ಜಾಬರನ ನಾಯಿಗೆ ಹುಚ್ಚು ಹಿಡಿದಿತ್ತು. ನೀರು ಕಂಡರೆ ಅಂಜುತ್ತಿತ್ತು. ಅದರ ಜೊಲ್ಲು ತಗುಲಿಯೇ ಅವನು ಸತ್ತ.” ಶಹಾಪುರದ ನಮ್ಮ ಓಣಿಯಲ್ಲಿ ಇಂದಿಗೂ ಹೀಗೆಯೇ ಹೇಳುತ್ತಾರೆ. ಮೊನ್ನೆ ಹಿತ್ತಲಿನ ನಳ ತಿರುಗಿಸಿದಾಗ, ಬಿಸಿಲಲ್ಲಿ ಬೆಂದ ರಬ್ಬರ್ ಪೈಪಿನ ವಾಸನೆ ಮೂಗಿಗೆ ಬಡಿಯಿತು. ಎಷ್ಟೋ ವರ್ಷಗಳ ಹಿಂದಿನ ಆ ಮಧ್ಯಾಹ್ನ ಎದುರು ಬಂದು ನಿಂತಿತು...

ಜಾಬರ್ ನಮ್ಮ ಪಕ್ಕದ ಮನೆಯವರು; ನನ್ನ ಶೆಡ್ಡಿನ ಮಗ್ಗಗಳನ್ನು ರಿಪೇರಿ ಮಾಡುತ್ತಿದ್ದರು, ಆ ಕೆಲಸದ ಹೆಸರೇ ಅವರಿಗೆ ಅಂಟಿಕೊಂಡಿತ್ತು. ಅವರು ಕೆಲಸ ಮಾಡುವಷ್ಟು ಹೊತ್ತು ಅವರ ಕಂದು ನಾಯಿ ಮಗ್ಗದಡಿ ಮಲಗಿರುತ್ತಿತ್ತು. ಮೇ ತಿಂಗಳು, ಮಗ್ಗಗಳಿಗೆ ವಾರದ ರಜೆ. ಬೆಳಿಗ್ಗೆ ಒಳಗೆ ಇಣುಕಿಯೂ ನೋಡದೆ ಶೆಡ್ಡಿನ ಬಾಗಿಲು ಹಾಕಿದವನು ನಾನೇ.

ಮೂರು ಗಂಟೆಯ ಸುಮಾರಿಗೆ ಒಳಗಿನಿಂದ ಪರಚುವ ಸದ್ದು ಕೇಳಿ ಬಾಗಿಲು ತೆರೆದೆ. ತಗಡಿನ ಮಾಡಿನ ಕೆಳಗೆ ಒಲೆಯ ಉರಿ. ನಾಯಿ ಜೊಲ್ಲು ಸುರಿಸುತ್ತ, ಕಾಲು ನಿಲ್ಲದೆ ತೂರಾಡುತ್ತಿತ್ತು. ಅಂಗಳದಲ್ಲಿ ಬಿದ್ದಿದ್ದ ಪೈಪನ್ನು ಅದರ ಮೇಲೆ ಹಿಡಿದೆ. ಅದು ಚೀರಿ ಹಿಂದಕ್ಕೆ ಹಾರಿ ಹಲ್ಲು ತೋರಿಸಿತು.

“ನೀರಿಗೆ ಅಂಜತೈತಿ! ಹುಚ್ಚ ಹಿಡದೈತಿ!” ಎಂದು ಕೂಗಿದೆ. ಜನ ಬಡಿಗೆ ಹಿಡಿದು ಬಂದರು.

ಜಾಬರ್ ಓಡಿ ಬಂದು, ನನ್ನ ಕೈಯಿಂದ ಪೈಪು ಕಸಿದು, ಆ ನೀರಿಗೆ ಅಂಗೈ ಒಡ್ಡಿದರು. ಮರುಗಳಿಗೆಯೇ ಕೈ ಝಾಡಿಸಿದರು.

“ಅಣ್ಣಾವ್ರ, ಇದರಾಗ ಚಹಾ ಕುದಸಾಕ ಬರ್ತೈತ್ರಿ. ನೀವೂ ಒಂದೀಟ ಕೈ ಹಿಡೀರಿ, ಹುಚ್ಚ ಯಾರಿಗೆ ಐತಿ ಗೊತ್ತಾಗ್ತೈತಿ.”

ನಾನು ಕೈ ಹಿಡಿಯಲಿಲ್ಲ. ಅವರು ಕುಡಿಯುವ ನೀರಿನ ಗಡಿಗೆ ಎತ್ತಿಕೊಂಡು ಒಳಹೊಕ್ಕರು. ಹಿಂದಿನಿಂದ ಯಾರೋ ಮರಾಠಿಯಲ್ಲಿ “ಪಿಸಾಳಲಂಯ, ದಾರ ಲಾವಾ!”, ಹುಚ್ಚು ಹಿಡಿದಿದೆ, ಬಾಗಿಲು ಹಾಕಿ, ಎಂದು ಕಿರುಚಿದರು. ನಾನು ಹೊರಗಿನಿಂದ ಚಿಲಕ ಜಡಿದೆ... ಅವರಿಬ್ಬರೂ ಒಳಗೇ ಉಳಿದರು.

“ಬಾಗಲಾ ತಗೀರಿ! ಗಾಳಿ ಬೇಕ್ರಿ, ನಾಯಿಗೂ, ನನಗೂ!”

ಯಾರೂ ಅಲುಗಲಿಲ್ಲ. ಚಿಲಕದ ಮೇಲೆ ನನ್ನ ಕೈ ಇತ್ತು. ಅವರು ಮತ್ತೆ ಮತ್ತೆ ಕೂಗಿದರು. ದನಿ ಕುಗ್ಗತೊಡಗಿದಾಗ ಬಾಗಿಲ ಸಂದಿಗೆ ಕಣ್ಣಿಟ್ಟೆ. ತೋಯಿಸಿದ ಗೋಣಿಚೀಲವನ್ನು ನಾಯಿಯ ಕೆಳಗೆ ಹಾಸಿ, ಅದರ ಹೊಟ್ಟೆಗೂ ಪಾದಗಳಿಗೂ ನೀರು ಸವರಿ, ರಟ್ಟಿನಿಂದ ಗಾಳಿ ಬೀಸುತ್ತಿದ್ದರು. ಅವರ ಬೊಗಸೆಯಿಂದ ನಾಯಿ ನೀರು ಕುಡಿಯುತ್ತಿತ್ತು.

ಚಿಲಕ ತೆಗೆದೆ. ನಾಯಿಯನ್ನು ಎತ್ತಿಕೊಂಡು ಹೊರಬಂದವರ ಮುಖ ಕೆಂಡವಾಗಿತ್ತು. ನನ್ನತ್ತ ನೋಡಲಿಲ್ಲ. ದನದ ಡಾಕ್ಟರರು ಬಂದು, ಇದು ಬಿಸಿಲಿನ ಹೊಡೆತ, ಹುಚ್ಚಲ್ಲ ಎಂದರು. ಅಷ್ಟು ಹೊತ್ತಿಗೆ ಜನ ಚದುರಿದ್ದರು; ಕಥೆ ಓಣಿ ದಾಟಿತ್ತು. ನಾನು ಅದನ್ನು ತಿದ್ದಲಿಲ್ಲ. ನಾಯಿಗೆ ಹುಚ್ಚು ಎಂದಾದರೆ ಚಿಲಕ ಜಡಿದದ್ದು ಜಾಣತನವಾಗುತ್ತಿತ್ತು.

ಜಾಬರ್ ತೀರಿಕೊಂಡದ್ದು ಹಲವು ವರ್ಷಗಳ ಮೇಲೆ, ಹತ್ತಿಯ ಧೂಳು ತುಂಬಿದ ಎದೆಯಿಂದ. ಅವರು ಬದುಕಿರುವಾಗ ಒಂದು ಮಾತು ಹೇಳಬಹುದಿತ್ತು... ಹೇಳಲಿಲ್ಲ. ಮೊನ್ನೆ ಪೈಪಿನ ನೀರಿಗೆ ಅಂಗೈ ಒಡ್ಡಿದೆ. ಮೂರು ಎಣಿಸುವ ಮೊದಲೇ ಕೈ ತಾನಾಗಿ ಹಿಂದಕ್ಕೆ ಬಂತು.

ಅವರ ಪತ್ನಿ ಪಕ್ಕದ ಮನೆಯಲ್ಲೇ ಇದ್ದಾರೆ. ನಾಯಿಯ ಲಸಿಕೆ ಕಾರ್ಡನ್ನು ಜೋಪಾನವಾಗಿ ಇಟ್ಟಿದ್ದಾರೆ, ಕೇಳಿದವರಿಗೆ ತೋರಿಸುತ್ತಾರೆ. ಆ ಬೇಸಿಗೆಯ ನಂತರದ ನಾಲ್ಕು ವರ್ಷಗಳ ಮುದ್ರೆ ಅದರಲ್ಲಿದೆ. ಹುಚ್ಚು ಹಿಡಿದು ಸತ್ತ ನಾಯಿಗೆ ಯಾರೂ ವರ್ಷ ವರ್ಷ ಲಸಿಕೆ ಹಾಕುವುದಿಲ್ಲ.