ಹಳ್ಳದ ಸೇತುವೆ ಎಳೆದ ಗೆರೆ

ಎಪ್ಪತ್ತರ ದಶಕದ ಮಾತು. ನವಲಗುಂದದ ಕಡೆಯ ಒಂದು ಹಳ್ಳಕ್ಕೆ ಹೊಸದಾಗಿ ಸೇತುವೆ ಕಟ್ಟಿದ್ದರು. ಅದು ಭಾರ ತಡೆಯುತ್ತದೋ ಇಲ್ಲವೋ ಎಂದು ಪರೀಕ್ಷಿಸುವ ತಂಡದಲ್ಲಿ ವಾಯರು ಜೋಡಿಸುವ ಕೆಲಸ ನನ್ನದು. ಉಕ್ಕಿನ ತೊಲೆಗಳ ಅಡಿಗೆ ಅಲ್ಲಲ್ಲಿ ಅಂಚೆಚೀಟಿಯಷ್ಟು ಗೇಜುಗಳನ್ನು ಅಂಟಿಸಿದ್ದೆವು. ತೊಲೆ ಕೂದಲೆಳೆಯಷ್ಟು ಬಾಗಿದರೂ ಸಾಕು, ಗೇಜಿಗೆ ತಿಳಿಯುತ್ತಿತ್ತು. ದಂಡೆಯ ಮೇಲಿನ ಯಂತ್ರದಲ್ಲಿ ಓಡುವ ಕಾಗದದ ಮೇಲೆ ಪೆನ್ನು ಗೆರೆಯನ್ನು ಮೇಲಕ್ಕೆತ್ತುತ್ತಿತ್ತು. ಯಂತ್ರ ಒಂದೇ, ಗೇಜು ಹಲವು. ಹಾಗಾಗಿ ಎಲ್ಲ ವಾಯರುಗಳನ್ನೂ ಒಂದು ಸ್ವಿಚ್ ಪೆಟ್ಟಿಗೆಗೆ ತಂದಿದ್ದೆ. ಗುಂಡಿ ತಿರುಗಿಸಿದಂತೆ ಒಂದೊಂದೇ ಗೇಜು ಯಂತ್ರಕ್ಕೆ ಕೂಡುತ್ತಿತ್ತು.

ಈಚೆ ದಂಡೆಯ ಊರಿನ ಹೆಂಗಸೊಬ್ಬಳು ದಿನಾ ಬಂದು ವಿಚಾರಿಸುವಳು.

"ತಮ್ಮಾ, ಸೇತುವಿ ಯಾವಾಗ ಬಿಡ್ತೀರಿ? ಮಗಳು ಆಚಿ ದಂಡಿಗೆ ಅದಾಳ. ದಿನಾ ತುಂಬ್ಯಾವ. ಚೊಚ್ಚಲ ಹೆರಿಗಿ ತವರಾಗ ಆಗಬೇಕಲ್ಲ? ಹಳ್ಳದ ರಾಡ್ಯಾಗ ಈಗ ಗಾಡಿ ಹುಗೀತಾವ, ನೀರು ಬಂತಂದ್ರ ದಾಟೂದ ಇಲ್ಲ."

"ಪರೀಕ್ಷಾ ಪಾಸಾಗ್ಲಿ ತಡೀರಿ, ಯವ್ವಾ."

"ಕಬ್ಬಿಣಕ್ಕೂ ಪರೀಕ್ಷಾ ಏನ?" ಎಂದು ನಗುವಳು. ಕಣ್ಣು ಮಾತ್ರ ಮೋಡದ ಮೇಲೆ.

ಪರೀಕ್ಷೆಯ ದಿನ ಉಸುಕು ತುಂಬಿದ ಲಾರಿಗಳು ಸೇತುವೆಯ ನಡುವೆ ನಿಂತವು. ಪೆನ್ನು ಮೆಲ್ಲಗೆ ಮೇಲೆದ್ದಿತು. ಪುಸ್ತಕದಲ್ಲಿ ಓದಿದ್ದೆ, ನಿಜ. ಆದರೂ ಅಷ್ಟು ದೊಡ್ಡ ಉಕ್ಕು ಬಾಗುವುದನ್ನು ಕಣ್ಣಾರೆ ಕಂಡು ಮೈ ಜುಮ್ಮೆಂದಿತು. ಲಾರಿ ಇಳಿದ ಮೇಲೆ ಗೆರೆ ಮೊದಲಿನ ಜಾಗಕ್ಕೆ ಮರಳಬೇಕು. ಒಂದು ಗೇಜಿನದು ಮರಳಲಿಲ್ಲ, ಕುಡಿದವನ ಹಾಗೆ ಓಲಾಡತೊಡಗಿತು.

"ಹಿಂಗಾದ್ರ ನಾ ಸಹಿ ಹಾಕೂದಿಲ್ಲ," ಎಂದರು ನಮ್ಮ ಸಾಹೇಬರು. ದಂಡೆಯ ಮೇಲೆ ನಿಂತು ನೋಡುತ್ತಿದ್ದ ಆ ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ನಾನು ಗುಂಡಿ ತಿರುಗಿಸುತ್ತ ಹೋದೆ. ಉಳಿದ ಗೇಜುಗಳೆಲ್ಲ ತಮ್ಮ ಜಾಗಕ್ಕೆ ಬಂದಿದ್ದವು, ಅದೇ ತೊಲೆಗೆ ಅಂಟಿಸಿದ ಪಕ್ಕದ್ದು ಕೂಡ. ಹಾಗಾದರೆ ತಪ್ಪು ತೊಲೆಯದಲ್ಲ, ವಾಯರಿನದು. ಕೆಳಗಿಳಿದು ನೋಡಿದರೆ ಮೇಲಿನಿಂದ ಸೋರಿದ ನೀರಿಗೆ ವಾಯರಿನ ಒಂದು ಜೋಡಣೆ ಒದ್ದೆಯಾಗಿತ್ತು. ಮುಟ್ಟಿದ ಬೆರಳು ಹಳದಿಯಾಯಿತು.

ಸಿಟ್ಟು ನೆತ್ತಿಗೇರಿತು. "ಅರಿಷಿಣದ ನೀರು ಯಾರ್ರೀ ಸುರುವಿದ್ದು?" ಎಂದು ಕೆಳಗಿನಿಂದಲೇ ಒದರಿದೆ.

"ನಾನ, ತಮ್ಮಾ," ಎಂದು ಆ ತಾಯಿ ದಂಡೆಯ ಅಂಚಿಗೆ ಬಂದಳು. "ಮಗಳು ಕಾಲಿಡೂ ಜಾಗಾ ಅಂತ, ಹೊಸ್ತಿಲಾ ತೊಳದಂಗ ಮುಂಜಾನೆ ತೊಳದು ಪೂಜಿ ಮಾಡಿದೆ."

ಸಿಟ್ಟೆಲ್ಲ ಇಳಿದುಹೋಯಿತು. ಜೋಡಣೆ ಬಿಚ್ಚಿ, ಒಣಗಿಸಿ, ಹೊಸದಾಗಿ ಬೆಸುಗೆ ಹಾಕಿ ಮೇಲೆ ಮೇಣ ಮೆತ್ತಿದೆ. ಲಾರಿಗಳು ಮತ್ತೆ ಬಂದು ಹೋದವು. ಗೆರೆ ಎದ್ದಿತು, ಇಳಿಯಿತು, ತನ್ನ ಜಾಗದಲ್ಲಿ ನಿಂತಿತು. ಸಾಹೇಬರು ಸಹಿ ಹಾಕಿದರು.

ಸಂಜೆ ನಾನು ವಾಯರು ಸುತ್ತುತ್ತಿದ್ದಾಗ ಆಚೆ ದಂಡೆಯಿಂದ ಒಂದು ಚಕ್ಕಡಿ ಬಂತು. ಹುಲ್ಲಿನ ಮೆತ್ತೆಯ ಮೇಲೆ ಬಸುರಿ ಮಗಳು, ಎತ್ತಿನ ಮುಂದೆ ತಾಯಿ. ಒಂದು ಗೇಜು ಇನ್ನೂ ಯಂತ್ರಕ್ಕೆ ಕೂಡಿಯೇ ಇತ್ತು. ಪೆನ್ನು ಒಂದಿಷ್ಟೇ ಎದ್ದು, ಹಾಗೇ ಇಳಿಯಿತು. ನಾನು ಕೈಯಲ್ಲಿದ್ದ ವಾಯರು ಬಿಟ್ಟು ನೋಡುತ್ತ ನಿಂತುಬಿಟ್ಟೆ.

ಚಕ್ಕಡಿ ಈಚೆ ಬಂದ ಮೇಲೆ ತಾಯಿ ಕಾಗದದ ಮೇಲೆ ಬಗ್ಗಿದಳು. "ಇದೇನ ತಮ್ಮಾ?"

"ನಿಮ್ಮ ಮಗಳು ದಾಟಿ ಬಂದದ್ದರಿ, ಯವ್ವಾ."

ಅವಳು ಗೆರೆಯ ತುದಿಗೆ ಬೆರಳಿಟ್ಟಳು. "ಹೊಟ್ಟ್ಯಾಗಿನ ಕೂಸಿಂದೂ ಬಂದೈತೇನ ಇದರಾಗ?"

"ಬಂದೈತ್ರಿ," ಎಂದೆ. "ಒಂದು ಗುಂಜಿ ತೂಕಾನೂ ಬಿಟ್ಟಿಲ್ಲ."