ವಿಭೂತಿ ಹಚ್ಚಿದ ಪಾಸ್‌ಪೋರ್ಟು

ಸಿದ್ದಲಿಂಗೇಶರಿಗೆ ಅಭಿಪ್ರಾಯವಿಲ್ಲದ ವಿಷಯವೇ ಇರಲಿಲ್ಲ. ಭಾನುವಾರ ಅಂಗಡಿಗಳು ಯಾಕೆ ಬಾಗಿಲು ಹಾಕಬೇಕು, ಮೊಸರಿನ ಡಬ್ಬಿಯನ್ನು ತೊಳೆದೇ ಕಸಕ್ಕೆ ಹಾಕಬೇಕೆ, ಗದಗಿನ ಕುಡಿಯುವ ನೀರು ಎಂಟು ದಿನಕ್ಕೊಮ್ಮೆ ಬರುವುದಕ್ಕೆ ಯಾರು ಹೊಣೆ, ಎಲ್ಲದಕ್ಕೂ ಅವರಲ್ಲಿ ಉತ್ತರ ಸಿದ್ಧವಾಗಿರುತ್ತಿತ್ತು. ಜರ್ಮನಿಯ ಹರ್ಟ್ಸೋಗೆನಾವ್‌ರಾಕಿನ ಬೇರಿಂಗ್ ಕಾರ್ಖಾನೆಯಲ್ಲಿ, ಅಳತೆಯ ಕೋಣೆಯಲ್ಲಿ, ಅವರು ಹರೆಯದಿಂದ ದುಡಿದವರು. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಹಿಡಿಯುವ ಕಣ್ಣು. ಕಾರ್ಖಾನೆಯ ಊಟದ ಮೇಜಿನಲ್ಲಿ ದೇಶವನ್ನೂ ಹಾಗೆಯೇ ಅಳೆಯುತ್ತಿದ್ದರು.

ಕಂಪ್ಯೂಟರ್ ಬಲ್ಲವರನ್ನು ಹೊರದೇಶಗಳಿಂದ ಕರೆಸಲು ಜರ್ಮನ್ ಸರಕಾರವು ಗ್ರೀನ್ ಕಾರ್ಡ್ ಎಂಬ ಕೆಲಸದ ಪರವಾನಗಿ ಕೊಡುವುದಾಗಿ ಸಾರಿದ ವರ್ಷ ಆ ಮೇಜಿನಲ್ಲಿ ಮಾತು ಜೋರಾಯಿತು. ಭಾರತೀಯರು ಬೇಡ, ನಮ್ಮ ಮಕ್ಕಳಿಗೇ ಕಲಿಸೋಣ ಎಂಬ ಕೂಗು ಬೀದಿಯಲ್ಲೆಲ್ಲ ಕೇಳುತ್ತಿದ್ದ ಕಾಲವದು. ಸಿದ್ದಲಿಂಗೇಶರು ಸೂಪಿನ ಚಮಚವನ್ನು ಕೈಯಲ್ಲೇ ಹಿಡಿದುಕೊಂಡು, ಅದು ಎಂಥ ತಪ್ಪು ಲೆಕ್ಕವೆಂದು ವಿವರಿಸಿದರು. ಎದುರಿಗೆ ಕೂತಿದ್ದ ಹಳೆಯ ಗೆಳೆಯ ಬಾವರ್ ಎಲ್ಲವನ್ನೂ ಕೇಳಿ, ಕುಹಕವಿಲ್ಲದೆ, ಹಾಗಾದರೆ ಮುಂದಿನ ಚುನಾವಣೆಯಲ್ಲಿ ಯಾರಿಗೆ ಮತ ಹಾಕುತ್ತೀ ಎಂದು ಕೇಳಿದ.

ಸೂಪು ಆರಿಹೋಯಿತು. ಇಲ್ಲಿ ಅವರು ಪರದೇಶಿ. ಊರಿನಲ್ಲಿಲ್ಲದವರಿಗೆ ಅಲ್ಲಿಯೂ ಮತವಿಲ್ಲ. ಇಷ್ಟೆಲ್ಲ ಮಾತನಾಡುವ ಮನುಷ್ಯನಿಗೆ ಭೂಮಿಯ ಮೇಲೆ ಎಲ್ಲಿಯೂ ಒಂದು ಮತವಿಲ್ಲವೆಂಬುದು ಅವರಿಗೆ ಅಂದು ಮೊದಲ ಬಾರಿ ಹೊಳೆಯಿತು. ಅಂದು ಸಂಜೆಯೇ, ತಾವು ಜರ್ಮನ್ ಪ್ರಜೆಯಾಗುವುದಾಗಿ ಹೆಂಡತಿ ಮಧುಮತಿಗೆ ಹೇಳಿದರು.

“ಆಗ್ರಿ,” ಎಂದರು ಮಧುಮತಿ, ರೊಟ್ಟಿ ಬಡಿಯುತ್ತ. “ನಾ ಮಾತ್ರ ಆಗಾಂಗಿಲ್ಲ. ಮನ್ಯಾಗ ಒಬ್ಬರರ ನಮ್ಮ ಕಡೆಯವ್ರು ಇರ್ಲಿ.”

ಅರ್ಜಿ, ಪರೀಕ್ಷೆ, ಕಾಯುವಿಕೆಗಳಲ್ಲಿ ವರ್ಷಗಳು ಕಳೆದವು. ಎರಡು ಸಾವಿರದ ಮೂರರ ಮಹಾನವಮಿಯ ಹೊತ್ತಿಗೆ ಸಿದ್ದಲಿಂಗೇಶರಿಗೂ ಮಗಳು ಪವಿಗೂ ಜರ್ಮನ್ ಪಾಸ್‌ಪೋರ್ಟು ಬಂತು. ಹಳೆಯದನ್ನು ಭಾರತದ ಕಾನ್ಸುಲೇಟಿಗೆ ಒಪ್ಪಿಸಬೇಕೆಂದು ಜಿಲ್ಲಾ ಕಚೇರಿಯವರು ಹೇಳಿದ್ದರು. ಹಬ್ಬ ಮುಗಿಯಲಿ, ಆಮೇಲೆ ನೋಡೋಣವೆಂದು ಇವರು ಸುಮ್ಮನಾದರು.

ಆ ಮನೆಯಲ್ಲಿ ಆಯುಧಪೂಜೆಗೆ ಇಡುತ್ತಿದ್ದುದು ಅಳತೆಯ ಕ್ಯಾಲಿಪರ್, ಕಾರಿನ ಕೀಲಿ ಮತ್ತು ಪಾಸ್‌ಪೋರ್ಟುಗಳು. ಪರದೇಶದಲ್ಲಿ ಅನ್ನ ಕೊಡುವುದು ಆ ಪುಸ್ತಕವೇ ಎಂಬುದು ಮಧುಮತಿಯ ವಾದ. ಮುಚ್ಚಿದ ಪುಸ್ತಕಕ್ಕೆ ಹಚ್ಚಿದರೆ ಯಾರಿಗೂ ಮುಟ್ಟುವುದಿಲ್ಲವೆಂದು ಅವರು ಪ್ರತಿ ವರ್ಷವೂ ಪುಟ ತೆರೆದು, ಭಾವಚಿತ್ರದ ಹಣೆಗೇ ವಿಭೂತಿ ಎಳೆದು, ನಡುವೆ ಕುಂಕುಮ ಇಡುತ್ತಿದ್ದರು. ಹೊಸ ಪಾಸ್‌ಪೋರ್ಟಿನ ನುಣುಪು ಹಾಳೆಯಿಂದ ವಿಭೂತಿ ಒರೆಸಿದರೆ ಹೋಗುತ್ತಿತ್ತು. ಹಳೆಯದರಲ್ಲಿ ಹಾಗಲ್ಲ, ಚಿತ್ರದ ಮೇಲಿನ ಪ್ಲಾಸ್ಟಿಕ್ ಅಂಚು ಬಿಟ್ಟು, ಹತ್ತು ವರ್ಷಗಳ ವಿಭೂತಿ ಕುಂಕುಮಗಳು ಒಳಗಿಳಿದು ನೆಲೆಯೂರಿದ್ದವು. ದಟ್ಟ ಮೀಸೆಯ ಯುವಕ ಸಿದ್ದಲಿಂಗೇಶನು ಹಣೆ ತುಂಬ ವಿಭೂತಿ ಧರಿಸಿ, ಈಗಷ್ಟೇ ಮಠದಿಂದ ಬಂದವನಂತೆ ಕಾಣುತ್ತಿದ್ದನು.

ಸಂಕ್ರಾಂತಿ ಕಳೆದ ಮೇಲೆ ಒಂದು ಸುದ್ದಿ ಬಂತು. ಶನಿವಾರಗಳಲ್ಲಿ ರೊಟ್ಟಿಯ ಆಸೆಗೆ ಬರುತ್ತಿದ್ದ ಗ್ರೀನ್ ಕಾರ್ಡಿನ ಹುಡುಗರಲ್ಲಿ ಮೈಸೂರಿನ ಅಭಿನವ ಒಬ್ಬ. ಭಾರತ ಸರಕಾರವು ದ್ವಿಪೌರತ್ವಕ್ಕೆ ಒಪ್ಪಿದೆ, ಕಾನೂನೂ ಆಗಿದೆ ಎಂದು ಅವನು ಇಂಟರ್ನೆಟ್ಟಿನಲ್ಲಿ ಪತ್ರಿಕೆ ಓದಿಕೊಂಡು ಬಂದಿದ್ದ.

“ಡಬಲ್ ಸಾರ್, ಡಬಲ್. ಎರಡೂ ಇಟ್ಕೊಬಹುದು. ನೀವು ಲಕ್ಕಿ.”

ಮೂಲೆಯಲ್ಲಿ ಕೂತಿದ್ದ ರಾಜಣ್ಣ ಡ್ರೆಸ್ಡೆನ್ನಿನಿಂದ ಬಂದಿದ್ದ ಅತಿಥಿ, ಅನುಭವಸ್ಥ. ಪೇಪರಿನಲ್ಲಿ ಬಂದದ್ದೆಲ್ಲ ಕೌಂಟರಿಗೆ ಬರುವುದಿಲ್ಲವೆಂದು ಅವನು ಅನುಮಾನಿಸಿದ. ಪವಿ ಪುಸ್ತಕದಿಂದ ತಲೆ ಎತ್ತದೆಯೇ, “ಪಾಪಾ, ದಸ್ ಗೇಟ್ ನಿಶ್ಟ್,” ಅಂದಳು. ಅದು ಆಗುವ ಮಾತಲ್ಲ ಎಂದು. ಶಾಲೆಯಲ್ಲಿ ಪಾಠವಾಗಿತ್ತಂತೆ. ಮೂವರೂ ಮೂರು ದಿಕ್ಕಿಗೆ ಎಳೆದಾಗ ಸಿದ್ದಲಿಂಗೇಶರು ತಮಗೆ ಬೇಕಾದ ದಿಕ್ಕಿಗೇ ಹೋದರು. ಹಳೆಯ ಪಾಸ್‌ಪೋರ್ಟಿನ ಅವಧಿ ವಸಂತಕ್ಕೆ ಮುಗಿಯುತ್ತಿತ್ತು. ಮೇ ತಿಂಗಳಲ್ಲಿ ಗದಗಿನಲ್ಲಿ ಅಕ್ಕ ಮಹಾಂತಮ್ಮನ ಹೊಸ ಮನೆಯ ಗೃಹಪ್ರವೇಶ. ತಾಯಿಯಿಲ್ಲದ ತಮ್ಮನನ್ನು ಸಾಕಿ ಓದಿಸಿದವಳು ಆಕೆ. ಆ ಹೊಸ್ತಿಲನ್ನು ಆ ದೇಶದವನಾಗಿಯೇ ದಾಟಬೇಕು, ಅದಕ್ಕೆ ಹಳೆಯ ಪಾಸ್‌ಪೋರ್ಟನ್ನು ನವೀಕರಿಸಿಕೊಳ್ಳಬೇಕು ಎಂಬುದೊಂದೇ ಅವರ ಹಂಬಲ.

ಅಕ್ಕನಿಗೆ ಫೋನಿನಲ್ಲಿ ತಿಳಿಸಿದಾಗ ಅವಳಿಗೂ ಗೊಂದಲವೇ.

“ಹಂಗಾರ ನೀ ಈಗ ಯಾವ ದೇಶದಾಂವಪಾ?”

“ಎರಡೂ ದೇಶದಾಂವ, ಅಕ್ಕಾ.”

“ಅದ್ಹೆಂಗ? ಒಂದ್ ಮನ್ಯಾಗ ಉಂಡು ಇನ್ನೊಂದ್ ಮನ್ಯಾಗ ಮಲಗಿದಂಗ?”

ಅವರು ವಿವರಿಸಲು ಹೊರಟು, ನಡುವೆಯೇ ದಾರಿ ತಪ್ಪಿ, ಬಂದ ಮೇಲೆ ಹೇಳುತ್ತೇನೆಂದು ಫೋನಿಟ್ಟರು.

ಫೆಬ್ರುವರಿಯ ಚಳಿಯಲ್ಲಿ ರೈಲು ಹತ್ತಿ ಫ್ರಾಂಕ್‌ಫರ್ಟಿನ ಕಾನ್ಸುಲೇಟಿಗೆ ಹೋದರು. ಕಿಟಕಿಯ ಹಿಂದೆ ಕನ್ನಡಕ ಧರಿಸಿದ ಮಲೆಯಾಳಿ ಮಹಿಳೆಯೊಬ್ಬರಿದ್ದರು. ಸಿದ್ದಲಿಂಗೇಶರು ಯಾವುದನ್ನೂ ಬಚ್ಚಿಡಲಿಲ್ಲ. ಬಚ್ಚಿಡಬೇಕಾದದ್ದೇನಾದರೂ ಇದೆಯೆಂದೇ ಅವರಿಗೆ ಅನ್ನಿಸಿರಲಿಲ್ಲ. ಪಾಸಾದ ಇಬ್ಬರು ಮಕ್ಕಳ ಅಂಕಪಟ್ಟಿಗಳನ್ನು ತೋರಿಸುವ ತಂದೆಯಂತೆ, ಎರಡು ಪಾಸ್‌ಪೋರ್ಟುಗಳನ್ನೂ ಪಕ್ಕಪಕ್ಕದಲ್ಲಿಟ್ಟು, ನೀಲಿ ಹೊದಿಕೆಯ ಭಾರತದ್ದನ್ನು ನವೀಕರಿಸಿ ಕೊಡಬೇಕೆಂದರು.

ಆಕೆ ಮೊದಲು ಹಳೆಯದನ್ನು ತೆರೆದು, ಹಣೆಯನ್ನು ಕಂಡು, ಪುಟಕ್ಕೆ ಏನು ಚೆಲ್ಲಿದ್ದೀರಿ ಎಂದು ಕೇಳಿದರು. ಆಯುಧಪೂಜೆ ಎಂದರು ಇವರು. ಆಕೆಯ ಮುಖ ಸ್ವಲ್ಪ ಸಡಿಲವಾಯಿತು. ತಮ್ಮ ಮನೆಯಲ್ಲೂ ಪುಸ್ತಕಗಳನ್ನು ಪೂಜೆಗೆ ಇಡುತ್ತಾರೆ, ಆದರೆ ಮುಚ್ಚಿಯೇ ಇಡುತ್ತಾರೆ ಅಂದರು. ಆಮೇಲೆ ಎರಡನೆಯದನ್ನು ನೋಡಿ ಕನ್ನಡಕವನ್ನು ತೆಗೆದಿಟ್ಟರು.

ಆಕೆ ಹೇಳಿದ್ದನ್ನು ಸಿದ್ದಲಿಂಗೇಶರು ಎರಡು ಸಲ ಹೇಳಿಸಿಕೊಂಡರು. ಕಾನೂನು ಆಗಿರುವುದು ನಿಜ. ಆದರೆ ಇನ್ನೂ ಜಾರಿಗೆ ಬಂದಿಲ್ಲ. ಬಂದಾಗಲೂ ಅದು ಒಂದು ಬಗೆಯ ಪರವಾನಗಿಯಾಗುವುದೇ ಹೊರತು ಎರಡನೆಯ ಪಾಸ್‌ಪೋರ್ಟಾಗದು, ಮತವೂ ಸಿಗದು. ಅವರು ಜರ್ಮನ್ ಪ್ರಜೆಯಾದ ಗಳಿಗೆಯಲ್ಲೇ ಭಾರತದ ಪೌರತ್ವ ತಾನಾಗಿ ಮುಗಿಯಿತು, ಯಾರೂ ಕಿತ್ತುಕೊಳ್ಳಲಿಲ್ಲ. ಅಂದಿನಿಂದ ಈ ನೀಲಿ ಪುಸ್ತಕ ಬರಿಯ ಪುಸ್ತಕ. ಊರಿಗೆ ಹೋಗಲು ವೀಸಾ ಬೇಕು; ಅದರ ಅರ್ಜಿ ಪಕ್ಕದ ಕಿಟಕಿಯಲ್ಲಿ ಸಿಗುತ್ತದೆ.

ಸಿದ್ದಲಿಂಗೇಶರು ತಲೆಯಾಡಿಸಿದರು. ತಿಳಿಯಿತೆಂದಲ್ಲ, ಏನಾದರೂ ಮಾಡಬೇಕಲ್ಲ ಎಂದು. ಅಂದರೆ ಮಹಾನವಮಿಯ ದಿನ ಮಧುಮತಿ ವಿಭೂತಿ ಎಳೆದದ್ದು ಯಾರ ಹಣೆಗೆ? ಆ ಮೀಸೆಯ ಹುಡುಗ ಆಗಲೇ ಯಾವ ದೇಶದವನೂ ಆಗಿರಲಿಲ್ಲವೇ? ಅವರ ಒಳಗಿನ ಅಳತೆಗೋಲಿಗೆ ಈ ವ್ಯತ್ಯಾಸ ಸಿಕ್ಕಲೇ ಇಲ್ಲ.

ಆಕೆ ರದ್ದುಮಾಡುವ ಮುದ್ರೆಯನ್ನು ಕೈಗೆತ್ತಿಕೊಂಡಾಗ ಮಾತ್ರ ಅವರು ಒಂದು ಬೇಡಿಕೆ ಇಟ್ಟರು. ಮುದ್ರೆ ಎಲ್ಲಿ ಬೇಕಾದರೂ ಬೀಳಲಿ, ಆ ಮುಖದ ಮೇಲೆ ಬೇಡ. ಆಕೆ ಚಿತ್ರದಿಂದ ದೂರಕ್ಕೆ ಒತ್ತಿ, ಹೊದಿಕೆಯ ಮೂಲೆ ಕತ್ತರಿಸಿ, ಪುಸ್ತಕವನ್ನು ಮರಳಿಸಿದರು.

ಮನೆಗೆ ಬಂದಾಗ ಮಧುಮತಿ ಆ ಪುಸ್ತಕವನ್ನು ಕೈಗೆ ತೆಗೆದುಕೊಂಡರು. ಕತ್ತರಿಸಿದ ಮೂಲೆಯನ್ನು ಬೆರಳಿನಿಂದ ಸವರಿ, ದೇವರ ಜಗಲಿಯ ಮೇಲೆ ಕ್ಯಾಲಿಪರಿನ ಪಕ್ಕಕ್ಕೇ ಇಟ್ಟರು. ಮುಂದಿನ ಶನಿವಾರ ಅಭಿನವ ಮಾತ್ರ ಮುಖ ಚಿಕ್ಕದು ಮಾಡಿಕೊಂಡು ಬಂದ.

“ಸಾರಿ ಸಾರ್. ನಾನು ಹೆಡ್ಡಿಂಗ್ ಅಷ್ಟೇ ಓದಿದ್ದೆ.”

“ನಾ ಅದನ್ನೂ ಓದಿರ್ಲಿಲ್ಲಪಾ,” ಎಂದರು ಸಿದ್ದಲಿಂಗೇಶರು. “ರೊಟ್ಟಿ ತಿನ್ನು.”

ಮೇ ತಿಂಗಳಲ್ಲಿ ವೀಸಾ ಒತ್ತಿಸಿಕೊಂಡು ಹೋದರು. ಮುಂಬಯಿಯ ವಿಮಾನನಿಲ್ದಾಣದಲ್ಲಿ ಪರದೇಶಿಗಳ ಸಾಲಿನಲ್ಲಿ, ಬೆನ್ನುಚೀಲದ ಪ್ರವಾಸಿಗರ ಹಿಂದೆ ನಿಂತರು. ಅಧಿಕಾರಿ ತಲೆಯೆತ್ತದೆ, ಭಾರತಕ್ಕೆ ಮೊದಲ ಸಲವೇ ಎಂದು ಕೇಳಿದ. ಗದಗಿನಲ್ಲಿ ಗೃಹಪ್ರವೇಶ ಚೆನ್ನಾಗಿ ಆಯಿತು. ಚುನಾವಣೆ ಆಗಷ್ಟೇ ಮುಗಿದಿತ್ತು. ಹೋಳಿಗೆ ಬಡಿಸುವ ಪ್ರತಿ ಕೈಯ ಬೆರಳಿನಲ್ಲೂ ಶಾಯಿಯ ಗುರುತು. ಯಾರು ಗೆದ್ದದ್ದು ಸರಿ, ಯಾರು ಸೋತದ್ದು ತಪ್ಪು ಎಂದು ಸಿದ್ದಲಿಂಗೇಶರು ಎಂದಿನಂತೆ ಮೊದಲುಮಾಡಿದರು. ಮಹಾಂತಮ್ಮ ತಮ್ಮನ ಕೈಹಿಡಿದು, ಹೊರಳಿಸಿ ನೋಡಿದಳು.

“ನಿನ್ನ ಬೆರಳು ಬೋಳ ಐತಲ್ಲೋ. ನೀ ಯಾಕ ಒದರ್ತಿ?”

ಎಲ್ಲರೂ ನಕ್ಕರು. ಅವರೂ ನಕ್ಕರು. “ಜೂನ್‌ದಾಗ ಅಲ್ಲಿ ಹಾಕ್ತೀನಿ, ನೋಡ್ವಂತಿ,” ಎಂದು ಅಕ್ಕನಿಗೆ ಮಾತು ಕೊಟ್ಟರು.

ಜೂನಿನಲ್ಲಿ ಯುರೋಪಿನ ಸಂಸತ್ತಿಗೆ ಚುನಾವಣೆ. ಭಾನುವಾರ ಬೆಳಗ್ಗೆ ಮಧುಮತಿ ಗಂಡನ ಹಣೆಗೆ ವಿಭೂತಿ ಹಚ್ಚಿ, ಪರೀಕ್ಷೆಗೆ ಕಳಿಸುವಂತೆ ಕಳಿಸಿದರು. ಪವಿ ಜೊತೆಗೆ ಬಂದಳು. ಒಂದು ಜೇಬಿನಲ್ಲಿ ಹೊಸ ಪಾಸ್‌ಪೋರ್ಟು, ಇನ್ನೊಂದರಲ್ಲಿ ರದ್ದಾದದ್ದು. ಅದನ್ನು ಯಾಕೆ ತಂದಿರಿ ಎಂದು ಮಗಳು ಕೇಳಿದಾಗ ಅವರು ಆ ಜೇಬಿನ ಮೇಲೆ ಕೈಯಿಟ್ಟುಕೊಂಡು ಮುಂದೆ ನಡೆದರು.

ಮತಗಟ್ಟೆಯಾಗಿದ್ದ ಶಾಲೆಯ ಕೋಣೆಯಲ್ಲಿ ಬಾವರನೇ ಸ್ವಯಂಸೇವಕನಾಗಿ ಮತದಾರರ ಪಟ್ಟಿ ಹಿಡಿದು ಕೂತಿದ್ದ. ಗೆಳೆಯನನ್ನು ಕಂಡು ಎದ್ದುನಿಂತು ಕೈಕುಲುಕಿ ಮತಪತ್ರ ಕೊಟ್ಟ. ಮರೆಯ ಹಿಂದೆ ಹೋಗಿ ಬಿಡಿಸಿದರೆ ಅದು ಮೈಯೊರೆಸುವ ವಸ್ತ್ರದಷ್ಟು ಉದ್ದವಿತ್ತು. ಎಷ್ಟೊಂದು ಪಕ್ಷಗಳು; ಅರ್ಧದ ಹೆಸರನ್ನೇ ಅವರು ಕೇಳಿರಲಿಲ್ಲ. ಇಷ್ಟು ವರ್ಷ ನಾಲಿಗೆಯ ತುದಿಯಲ್ಲಿದ್ದ ಉತ್ತರಗಳು ಒಂದೂ ಬಾಯಿಗೆ ಬರಲಿಲ್ಲ. ಅವರು ಹಳೆಯ ಪಾಸ್‌ಪೋರ್ಟು ತೆಗೆದು ತೆರೆದಿಟ್ಟರು. ವಿಭೂತಿ ಧರಿಸಿದ ಹುಡುಗ ಏನೂ ತಿಳಿಯದವನಂತೆ ನೋಡುತ್ತಿದ್ದ.

“ಯಾರಿಗೆ ಹಾಕೂಣಪಾ?” ಎಂದು ಪಿಸುಗುಟ್ಟಿದರು.

ಹೊರಗೆ ಇನ್ನೊಬ್ಬರು ಕೆಮ್ಮಿದರು. ಸಿದ್ದಲಿಂಗೇಶರು ಒಂದು ಕಡೆ ಗುರುತು ಹಾಕಿ, ಮಡಿಸಿ, ಪೆಟ್ಟಿಗೆಗೆ ಇಳಿಬಿಟ್ಟರು. ಆಮೇಲೆ ಬಾವರನ ಮುಂದೆ ಬಂದು ಎಡಗೈ ಚಾಚಿ ನಿಂತರು. ಬಾವರ್ ಕೈಯನ್ನೂ ಮುಖವನ್ನೂ ನೋಡಿ, ಮುಗಿಯಿತು, ಇನ್ನು ಮನೆಗೆ ಹೋಗಬಹುದು ಅಂದ.

“ಶಾಯಿ ಹಚ್ಚೂದಿಲ್ಲಂತ,” ಎಂದರು ಅವರು ಹೊರಗೆ ಬಂದು ಮಗಳಿಗೆ. “ಹಾಕೀನಿ ಅಂದ್ರ ನಿಮ್ಮತ್ತಿ ಹೆಂಗ ನಂಬ್ಯಾಳು?”

ಪವಿ ಯಾರಿಗೆ ಹಾಕಿದಿರೆಂದು ಕೇಳಿದಳು. ಅದನ್ನು ಅವರು ಹೇಳಲಿಲ್ಲ. ಆದರೆ ಇಷ್ಟುದ್ದದ ಕಾಗದ ಯಾರಿಗೆ ಬೇಕು, ಒಂದು ಹನಿ ಶಾಯಿಗೆ ಈ ದೇಶದಲ್ಲಿ ಬರವೇ ಎಂಬುದನ್ನು, ಮನೆ ಮುಟ್ಟುವವರೆಗೂ, ಬೋಳು ಬೆರಳನ್ನು ಎತ್ತಿ ಹಿಡಿದುಕೊಂಡೇ ವಿವರಿಸಿದರು.